ಹಲವು ಯಂತ್ರಗಳು, ಒಂದೇ ಪಾಠ: ತಂತ್ರಾಂಶ ಪರೀಕ್ಷೆಯ ಕ್ರಮವೂ ಕೋಲ್ಕತ್ತದ ನಿದರ್ಶನಗಳೂ

ಒಂದೇ ಕೃತಿಯ ಎರಡು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಓದುವ ಸಂಪಾದಕನಿಗೆ ಪಾಠಾಂತರವು ಮೊದಲು ತೊಡಕಾಗಿಯೂ ಬಳಿಕ ನೆರವಾಗಿಯೂ ತೋರುತ್ತದೆ. ಪ್ರತಿಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಲಿಪಿಕಾರನ ಕೈ ಕಾಣಿಸಿಕೊಳ್ಳುತ್ತದೆ. ವಿಚಾರಣೆಗೆ ಅಲ್ಲಿಂದ ದಾರಿ ತೆರೆಯುತ್ತದೆ. ಒಂದೇ ಪ್ರತಿ ಉಳಿದಿರುವ ಕೃತಿಯಲ್ಲಿ ತಪ್ಪು ಅನೇಕ ವೇಳೆ ತಪ್ಪೆಂದು ಗೊತ್ತಾಗುವುದೇ ಇಲ್ಲ. ಗಣಕಯಂತ್ರಗಳ ತಂತ್ರಾಂಶಕ್ಕೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಒಂದೇ ಯಂತ್ರದಲ್ಲಿ ಸರಿಯಾಗಿ ನಡೆಯುವ ಕ್ರಮವಿಧಿಯು ಇನ್ನೊಂದು ಬಗೆಯ ಯಂತ್ರಕ್ಕೆ ಹೋದಾಗ ತಪ್ಪುವುದುಂಟು. ಆ ತಪ್ಪು ಅಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಮೊದಲಿನಿಂದಲೂ ಇದ್ದು ಅಲ್ಲಿ ಬೆಳಕಿಗೆ ಬಂದುದು.

ಕನ್ನಡ ಪಠ್ಯಗಳ ಶೋಧ, ಪದಸೂಚಿ, ನಿಘಂಟು, ಸಂಪಾದನೆ ಮೊದಲಾದ ಕಾರ್ಯಗಳು ಇಂದು ಗಣಕವನ್ನು ಅವಲಂಬಿಸಿವೆ. ಆದ್ದರಿಂದ ಈ ಕಾರ್ಯಗಳಿಗೆ ಬೇಕಾದ ತಂತ್ರಾಂಶವನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಹೇಗೆ ಕ್ರಮಬದ್ಧವಾಗಿ ನಿರ್ಮಿಸಿ ಪರೀಕ್ಷಿಸಬೇಕೆಂಬುದು ತಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವಾಗಿ ಉಳಿದಿಲ್ಲ. ಈ ಕ್ರಮದ ಸ್ವರೂಪವನ್ನೂ ಅದರಲ್ಲಿ ಕನ್ನಡ ವಿದ್ವಾಂಸರು ವಹಿಸಬೇಕಾದ ಪಾತ್ರವನ್ನೂ ಇಲ್ಲಿ ವಿವೇಚಿಸಲಾಗಿದೆ. ಇದರ ಹಿಂದಿರುವ ತತ್ತ್ವಕ್ಕೆ ಕೋಲ್ಕತ್ತ ನಗರದಲ್ಲಿ ಗಮನಾರ್ಹವಾದ ನಿದರ್ಶನಗಳು ದೊರೆಯುವುದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ.

1. ಬರಾನಗರದ ಎರಡು ಯಂತ್ರಗಳು

ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೊದಲಾಗಿ ಮುಂದೆ ನಗರದ ಉತ್ತರಕ್ಕಿರುವ ಬರಾನಗರದಲ್ಲಿ ನೆಲೆಗೊಂಡಿತು. ಭಾರತದ ಮೊದಲ ಅಂಕೀಯ ಗಣಕವೆಂದು ಪ್ರಸಿದ್ಧವಾದ ಹೆಚ್‌ಇಸಿ-2ಎಂ ಎಂಬ ಬ್ರಿಟಿಷ್ ಯಂತ್ರವು 1955-56ರ ಸುಮಾರಿಗೆ ಬಂದದ್ದು ಈ ಸಂಸ್ಥೆಗೆ. ಅದೇ ದಶಕ ಮುಗಿಯುವ ಮೊದಲು ಸೋವಿಯತ್ ಒಕ್ಕೂಟದ ಉರಾಲ್ ಯಂತ್ರವೂ ಅಲ್ಲಿಗೆ ಬಂದಿತು. ಮುಂದೆ 1966ರಲ್ಲಿ ಈ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಕೂಡಿ ನಿರ್ಮಿಸಿದ ಐಎಸ್‌ಐಜೆಯು-1 ಎಂಬ ಟ್ರಾನ್ಸಿಸ್ಟರ್ ಗಣಕವು ಕೆಲಸ ಮಾಡತೊಡಗಿತು.

ಬ್ರಿಟಿಷ್ ಯಂತ್ರಕ್ಕೆ ಬರೆದ ಆದೇಶಗಳು ಸೋವಿಯತ್ ಯಂತ್ರಕ್ಕೆ ಅರ್ಥವಾಗುವಂತಿರಲಿಲ್ಲ. ಎರಡರ ಆದೇಶಪಟ್ಟಿ ಬೇರೆ, ಸಂಖ್ಯೆಗಳನ್ನು ಇಟ್ಟುಕೊಳ್ಳುವ ರೀತಿ ಬೇರೆ. ಒಂದೇ ಲೆಕ್ಕವನ್ನು ಎರಡರಲ್ಲಿಯೂ ಮಾಡಿಸಬೇಕಾದರೆ ಕ್ರಮವಿಧಿಯನ್ನು ಎರಡು ಬಾರಿ ಬರೆಯಬೇಕು. ಹೀಗೆ ಯಂತ್ರಭೇದದ ಸಮಸ್ಯೆಯು ನಮ್ಮ ದೇಶದ ಗಣಕಯುಗದಷ್ಟೇ ಹಳೆಯದು. ಮುಂದೆ ಬಂದ ಉನ್ನತಮಟ್ಟದ ಕ್ರಮವಿಧಿ ಭಾಷೆಗಳು ಈ ಅಂತರವನ್ನು ಬಹಳ ಮಟ್ಟಿಗೆ ಮರೆಸಿದವು, ಅಳಿಸಲಿಲ್ಲ. ಇಂದು ಒಂದೇ ಮೂಲದಿಂದ ಮೂರು ವ್ಯವಸ್ಥೆಗಳಿಗೂ ತಂತ್ರಾಂಶ ಸಿದ್ಧವಾಗುತ್ತದೆ. ಆದರೆ ಕಡತದ ಹೆಸರು, ಸಾಲಿನ ಕೊನೆ, ಅಕ್ಷರದ ರೂಪ, ಅಕಾರಾದಿಯ ಅನುಕ್ರಮ ಇವುಗಳಲ್ಲಿ ಹಳೆಯ ಭೇದ ಬೇರೆ ವೇಷದಲ್ಲಿ ಉಳಿದುಕೊಂಡಿದೆ.

ಈ ಸಂಸ್ಥೆಯ ಇನ್ನೊಂದು ಕೊಡುಗೆಯು ನಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರವಾದುದು. 1937ರಿಂದ ಮೊದಲಾಗಿ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವ ಕಾರ್ಯವನ್ನು ಮಹಲನೋಬಿಸ್ ಅವರು ನಡೆಸಿದರು. ಹೊಲದಿಂದ ಹೊಲಕ್ಕೆ ಹೋಗಿ ಬರೆದುಕೊಂಡು ಬರುವವರ ತಪ್ಪನ್ನು ಪತ್ತೆಮಾಡುವುದು ಹೇಗೆ? ಅವರು ಕಂಡುಕೊಂಡ ಉಪಾಯ ಸರಳವಾದುದು: ಒಂದೇ ಪ್ರದೇಶದಲ್ಲಿ ಪರಸ್ಪರ ಹೆಣೆದುಕೊಂಡಂತೆ ಎರಡು ಉಪಮಾದರಿಗಳನ್ನು ಆರಿಸಿ, ಅವನ್ನು ಎರಡು ಪ್ರತ್ಯೇಕ ತಂಡಗಳಿಗೆ ಒಪ್ಪಿಸುವುದು, ಒಂದು ತಂಡದ ಬರಹವನ್ನು ಇನ್ನೊಂದಕ್ಕೆ ತೋರಿಸದಿರುವುದು, ಕೊನೆಗೆ ಎರಡರ ಫಲಿತಾಂಶಗಳನ್ನು ಹೋಲಿಸುವುದು. ಅಂತರವು ಮಾದರಿಯಲ್ಲಿ ಸಹಜವಾದ ಮಿತಿಯನ್ನು ಮೀರಿದರೆ ಎಲ್ಲಿಯೋ ದೋಷವಿದೆಯೆಂದು ಅರ್ಥ. ಇಲ್ಲಿ ಎರಡು ಸಂಗತಿಗಳು ಮುಖ್ಯ. ತಂಡಗಳು ಸ್ವತಂತ್ರವಾಗಿರಬೇಕು, ಹೋಲಿಕೆಯು ಕೆಲಸದ ಒಂದು ಅಂಗವಾಗಿ ಮೊದಲೇ ನಿಯತವಾಗಿರಬೇಕು. ಸಂಶಯ ಬಂದ ಮೇಲೆ ಹೋಲಿಸುವುದಲ್ಲ, ಸಂಶಯವಿಲ್ಲದಾಗಲೂ ಹೋಲಿಸುವುದು.

2. ಸತತ ಸಂಯೋಜನ

ತಂತ್ರಾಂಶಲೋಕದಲ್ಲಿ ಇದೇ ಎಚ್ಚರವು ದಿನನಿತ್ಯದ ಆಚಾರವಾಗಿ ರೂಢಿಗೆ ಬಂದದ್ದು ‘ಕಂಟಿನ್ಯುಅಸ್ ಇಂಟಿಗ್ರೇಷನ್’ ಎಂಬ ಹೆಸರಿನಲ್ಲಿ. ಕನ್ನಡದಲ್ಲಿ ಇದನ್ನು ಸತತ ಸಂಯೋಜನ ಎನ್ನಬಹುದು. ಈ ಮಾತನ್ನು 1991ರಲ್ಲಿ ಗ್ರೇಡಿ ಬೂಚ್ ಬಳಸಿದರು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಕೆಂಟ್ ಬೆಕ್ ಮೊದಲಾದವರು ಇದನ್ನು ದಿನಕ್ಕೆ ಅನೇಕ ಬಾರಿ ಪಾಲಿಸಬೇಕಾದ ನಿಯಮವನ್ನಾಗಿ ಮಾಡಿದರು. 2001ರಲ್ಲಿ ಬಂದ ಕ್ರೂಸ್‌ಕಂಟ್ರೋಲ್, ಆಮೇಲಿನ ಜೆಂಕಿನ್ಸ್, 2011ರ ಟ್ರಾವಿಸ್, 2019ರ ಹೊತ್ತಿಗೆ ಎಲ್ಲರ ಬಳಕೆಗೂ ದೊರೆತ ಗಿಟ್‌ಹಬ್ ಆಕ್ಷನ್ಸ್ ಇವೆಲ್ಲ ಈ ಕೆಲಸದ ಸಾಧನಗಳು.

ಇದರ ಅರ್ಥವನ್ನು ಅಚ್ಚುಕೂಟದ ದೃಷ್ಟಾಂತದಿಂದ ತಿಳಿಯಬಹುದು. ಮೊಳೆ ಜೋಡಿಸಿ ಅಚ್ಚುಮಾಡುತ್ತಿದ್ದ ಕಾಲದಲ್ಲಿ ಇಡೀ ಪುಸ್ತಕ ಮುಗಿದ ಮೇಲೆ ಕರಡು ನೋಡುತ್ತಿರಲಿಲ್ಲ. ಒಂದೊಂದು ಫಾರಂ ಸಿದ್ಧವಾದಂತೆಲ್ಲ ಕರಡು ತೆಗೆದು ತಿದ್ದಿ ಮುಂದಿನದಕ್ಕೆ ಹೋಗುತ್ತಿದ್ದರು. ತಪ್ಪು ಆ ಫಾರಮಿನಲ್ಲಿಯೇ ಸಿಕ್ಕಿದರೆ ನಾಲ್ಕು ಮೊಳೆಗಳನ್ನು ಬದಲಿಸಿದರೆ ಸಾಕು. ಅಚ್ಚಾದ ಮೇಲೆ ಸಿಕ್ಕಿದರೆ ಒಪ್ಪೋಲೆಯೇ ಗತಿ. ತಂತ್ರಾಂಶವನ್ನು ಅನೇಕರು ಕೂಡಿ ಬರೆಯುವಾಗ ಪ್ರತಿಯೊಬ್ಬರೂ ತಮ್ಮ ತಿದ್ದುಪಡಿಯನ್ನು ಒಂದು ಸಾಮಾನ್ಯ ಕೋಶಕ್ಕೆ ಸೇರಿಸುತ್ತಾರೆ. ಸೇರಿಸಿದ ಕ್ಷಣವೇ ಒಂದು ಸೇವಾಯಂತ್ರವು ಎಚ್ಚೆತ್ತು, ಹೊಸದಾಗಿ ಸಿದ್ಧಪಡಿಸಿದ ಬರಿಯ ಗಣಕದಲ್ಲಿ ಇಡೀ ತಂತ್ರಾಂಶವನ್ನು ಮೊದಲಿನಿಂದ ನಿರ್ಮಿಸಿ, ಪರೀಕ್ಷೆಗಳನ್ನು ನಡೆಸಿ, ಫಲವನ್ನು ಬರೆದಿಡುತ್ತದೆ. ‘ಬರಿಯ ಗಣಕ’ ಎಂಬುದನ್ನು ಒತ್ತಿ ಹೇಳಬೇಕು. ಲೇಖಕನ ಸ್ವಂತ ಯಂತ್ರದಲ್ಲಿ ಎಂದೋ ಸೇರಿಸಿ ಮರೆತ ಫಾಂಟ್, ಹಳೆಯ ಕಡತ, ಬದಲಿಸಿಕೊಂಡ ಏರ್ಪಾಡುಗಳು ತಪ್ಪನ್ನು ಮುಚ್ಚಿಡುತ್ತವೆ. ಬರಿಯ ಯಂತ್ರವು ಯಾವುದನ್ನೂ ಮುಚ್ಚುವುದಿಲ್ಲ.

ಕಾರ್ಯಾಚರಣ ವ್ಯವಸ್ಥೆಗಳು ಹಲವಾದಾಗ ಈ ಕೆಲಸವನ್ನು ಒಂದು ಕೋಷ್ಟಕದಂತೆ ಕಲ್ಪಿಸಿಕೊಳ್ಳಲಾಗುತ್ತದೆ. ಅಡ್ಡಸಾಲಿನಲ್ಲಿ ಮೂರು ವ್ಯವಸ್ಥೆಗಳು, ಉದ್ದಸಾಲಿನಲ್ಲಿ ಕ್ರಮವಿಧಿ ಭಾಷೆಯ ನಾಲ್ಕು ಆವೃತ್ತಿಗಳು ಇದ್ದರೆ ಹನ್ನೆರಡು ಮನೆಗಳಾಗುತ್ತವೆ. ಎರಡು ಬಗೆಯ ಸಂಸ್ಕಾರಕಗಳನ್ನು ಸೇರಿಸಿದರೆ ಇಪ್ಪತ್ತನಾಲ್ಕು. ಪ್ರತಿ ತಿದ್ದುಪಡಿಗೂ ಇವೆಲ್ಲವನ್ನೂ ನಡೆಸಿದರೆ ಕಾಲವೂ ಹಣವೂ ವ್ಯಯವಾಗುತ್ತವೆ. ನಡೆಸದಿದ್ದರೆ ದೋಷ ಉಳಿಯುತ್ತದೆ. ಆದ್ದರಿಂದಲೇ ಹಂತಗಳ ಜೋಡಣೆಗೆ ಮಹತ್ತ್ವ ಬಂದಿದೆ.

3. ಹಂತಗಳ ಜೋಡಣೆ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಳಗನ್ನಡ ಕಾವ್ಯವೊಂದರ ಪಠ್ಯವನ್ನು ಓದಿ ಅಕಾರಾದಿಯಾಗಿ ಪದಸೂಚಿಯನ್ನು ತಯಾರಿಸುವ ಕ್ರಮವಿಧಿ ಇದೆಯೆಂದುಕೊಳ್ಳೋಣ. ಅದನ್ನು ಮೂರು ವ್ಯವಸ್ಥೆಗಳಿಗೂ ಒದಗಿಸಬೇಕಾಗಿದೆ.

ಮೊದಲನೆಯದಾಗಿ, ವ್ಯವಸ್ಥೆಯನ್ನು ಅವಲಂಬಿಸದ ಹಂತಗಳನ್ನು ಬೇರೆಮಾಡಿ ಒಂದೇ ಕಡೆ ಒಂದೇ ಬಾರಿ ನಡೆಸಬೇಕು. ಪಠ್ಯದ ಕಡತಗಳಲ್ಲಿ ಪದ್ಯಸಂಖ್ಯೆಗಳು ಕ್ರಮವಾಗಿವೆಯೇ, ಅನ್ಯಲಿಪಿಯ ಅಕ್ಷರಗಳು ನುಸುಳಿವೆಯೇ ಎಂಬ ತಪಾಸಣೆಗೆ ಮೂರು ಯಂತ್ರಗಳು ಬೇಕಿಲ್ಲ. ಇಂತಹ ಅಲ್ಪವೆಚ್ಚದ ತಪಾಸಣೆಗಳು ಎಲ್ಲಕ್ಕಿಂತ ಮೊದಲು ಬರಬೇಕು. ಅಲ್ಲಿ ತಪ್ಪಿದರೆ ಮುಂದಿನದನ್ನು ನಡೆಸುವುದು ವ್ಯರ್ಥ.

ಎರಡನೆಯದಾಗಿ, ನಿರ್ಮಾಣವನ್ನೂ ಪರೀಕ್ಷೆಯನ್ನೂ ಬೇರೆ ಬೇರೆ ಹಂತಗಳಾಗಿ ಇಡಬೇಕು. ಯಂತ್ರದ ಭಾಷೆಗೆ ಅನುವಾದಗೊಳ್ಳುವ ಭಾಗವನ್ನು ಆಯಾ ವ್ಯವಸ್ಥೆಯಲ್ಲಿಯೇ ನಿರ್ಮಿಸಬೇಕು. ಪಠ್ಯ, ಪದಕೋಶ ಮೊದಲಾದ ಸಾಮಾನ್ಯ ಸಾಮಗ್ರಿಯನ್ನು ಒಮ್ಮೆ ಸಿದ್ಧಪಡಿಸಿ ಎಲ್ಲಕ್ಕೂ ಹಂಚಬೇಕು. ಪರೀಕ್ಷೆಗೆ ಒಳಗಾಗುವ ವಸ್ತುವು ಓದುಗರ ಕೈಗೆ ಹೋಗುವ ವಸ್ತುವೇ ಆಗಿರಬೇಕು. ಒಂದನ್ನು ಪರೀಕ್ಷಿಸಿ ಇನ್ನೊಂದನ್ನು ಕೊಟ್ಟರೆ ಪರೀಕ್ಷೆಗೆ ಅರ್ಥವಿಲ್ಲ.

ಮೂರನೆಯದಾಗಿ, ಹಂತಗಳ ವಿವರವು ಕ್ರಮವಿಧಿಯ ಜೊತೆಯಲ್ಲಿಯೇ, ಸಾಮಾನ್ಯ ಕೋಶದೊಳಗೆ ಇರಬೇಕು. ಸೇವೆ ಒದಗಿಸುವವರ ಏರ್ಪಾಡಿನಲ್ಲಿ ‘ನಿರ್ಮಿಸು’, ‘ಪರೀಕ್ಷಿಸು’ ಎಂಬ ಎರಡು ಕರೆಗಳಿದ್ದರೆ ಸಾಕು. ವಿಂಡೋಸಿನ ಆದೇಶಭಾಷೆ ಬೇರೆ, ಲಿನಕ್ಸಿನದು ಬೇರೆ. ಪ್ರತಿಯೊಂದು ಹಂತವನ್ನೂ ಎರಡು ಭಾಷೆಗಳಲ್ಲಿ ಬರೆದಿಟ್ಟರೆ ಕಾಲಕ್ರಮದಲ್ಲಿ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆಗ ಫಲಿತಾಂಶದಲ್ಲಿ ಕಂಡ ಭೇದ ಕ್ರಮವಿಧಿಯದೋ ಪರೀಕ್ಷಕನದೋ ಹೇಳಲಾಗುವುದಿಲ್ಲ. ಎಲ್ಲಿಯೂ ಒಂದೇ ರೀತಿ ನಡೆಯುವ ಒಂದು ಸಾಧನಕ್ಕೆ ಹಂತಗಳನ್ನು ಒಪ್ಪಿಸಿ, ನಿಜವಾಗಿಯೂ ಬೇರೆಯಾಗಿರಬೇಕಾದ ಅಂಶವನ್ನು ಮಾತ್ರ ಬೇರೆಯಾಗಿ ಬರೆಯುವುದು ಕ್ಷೇಮ. ಸೇವೆಗಳು ಬರುತ್ತವೆ, ಹೋಗುತ್ತವೆ. ಕೋಶದೊಳಗಿನ ವಿವರ ಉಳಿಯುತ್ತದೆ. ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಗಣಕದಲ್ಲಿಯೂ ಅದೇ ಪರೀಕ್ಷೆಯನ್ನು ನಡೆಸಿ ನೋಡಬಹುದು.

ನಾಲ್ಕನೆಯದಾಗಿ, ಒಂದು ವ್ಯವಸ್ಥೆಯಲ್ಲಿ ಪರೀಕ್ಷೆ ಸೋತೊಡನೆ ಉಳಿದವುಗಳನ್ನು ನಿಲ್ಲಿಸಬಾರದು. ಅನೇಕ ಸೇವೆಗಳು ಮಿತವ್ಯಯಕ್ಕಾಗಿ ಹಾಗೆ ನಿಲ್ಲಿಸುತ್ತವೆ. ಆದರೆ ವಿಂಡೋಸಿನಲ್ಲಿ ಮಾತ್ರ ಸೋತದ್ದೇ, ಮೂರರಲ್ಲಿಯೂ ಸೋತದ್ದೇ ಎಂಬುದೇ ಇಲ್ಲಿ ಮೊದಲ ಸುಳಿವು. ಒಂದರಲ್ಲಿ ಮಾತ್ರ ಸೋತಿದ್ದರೆ ವ್ಯವಸ್ಥೆಯ ಭೇದವನ್ನು ಶಂಕಿಸಬೇಕು. ಎಲ್ಲದರಲ್ಲಿಯೂ ಸೋತಿದ್ದರೆ ತರ್ಕದ ದೋಷವನ್ನು. ಎರಡನೆಯ ತಂಡವನ್ನು ಹೊಲದಿಂದ ಹಿಂದಕ್ಕೆ ಕರೆಸಿಕೊಂಡರೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಐದನೆಯದಾಗಿ, ಕೋಷ್ಟಕದ ಎಲ್ಲ ಮನೆಗಳಿಗೂ ಸಮಾನ ಮಹತ್ತ್ವ ಕೊಡಬೇಕಾಗಿಲ್ಲ. ಪ್ರತಿ ತಿದ್ದುಪಡಿಗೂ ಮೂರು ವ್ಯವಸ್ಥೆಗಳಲ್ಲಿ ಒಂದೊಂದು ಮನೆಯನ್ನು ನಡೆಸಿ, ಪೂರ್ಣ ಕೋಷ್ಟಕವನ್ನು ರಾತ್ರಿಗೊಮ್ಮೆಯೋ ಪ್ರಕಟಣೆಗೆ ಮುನ್ನವೋ ನಡೆಸಬಹುದು. ಸೋತ ಪರೀಕ್ಷೆಯ ದಾಖಲೆಯನ್ನು, ಅಂದರೆ ಬಂದ ಫಲ, ನಿರೀಕ್ಷಿತ ಫಲ, ಯಂತ್ರದ ವಿವರ ಇವನ್ನು ಪಾಠಾಂತರ ಸೂಚಿಯಂತೆ ಕಾಯ್ದಿರಿಸುವುದು ಅಗತ್ಯ.

4. ಭೇದ ಕಾಣಿಸುವ ಸ್ಥಳಗಳು

ನಮ್ಮ ಪದಸೂಚಿಯನ್ನು ಈ ಕ್ರಮಕ್ಕೆ ಒಡ್ಡಿದರೆ ಏನೇನು ಹೊರಬೀಳುತ್ತದೆ? ಮೊದಲನೆಯದು ಸಾಲಿನ ಕೊನೆ. ವಿಂಡೋಸಿನಲ್ಲಿ ಸಾಲು ಮುಗಿಯಿತೆಂಬುದಕ್ಕೆ ಎರಡು ಗುಪ್ತ ಸಂಕೇತಗಳನ್ನು ಬಳಸುವ ರೂಢಿಯಿದ್ದರೆ ಲಿನಕ್ಸಿನಲ್ಲಿ ಒಂದನ್ನು ಬಳಸುತ್ತಾರೆ. ವಿಂಡೋಸಿನಲ್ಲಿ ಬರೆದ ಪಠ್ಯವನ್ನು ಲಿನಕ್ಸಿನಲ್ಲಿ ಎಚ್ಚರವಿಲ್ಲದೆ ಓದಿದರೆ ಪ್ರತಿ ಪಾದದ ಕೊನೆಯ ಪದಕ್ಕೆ ಒಂದು ಕಾಣದ ಬಾಲ ಅಂಟಿಕೊಳ್ಳುತ್ತದೆ. ಪಾದದ ನಡುವೆ ಬಂದ ‘ನೃಪಂ’ ಒಂದು ಪದವಾಗಿಯೂ ಪಾದಾಂತ್ಯದಲ್ಲಿ ಬಂದ ‘ನೃಪಂ’ ಇನ್ನೊಂದು ಪದವಾಗಿಯೂ ಸೂಚಿಯಲ್ಲಿ ಎರಡು ಬಾರಿ ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಎರಡೂ ಒಂದೇ. ಪ್ರಯೋಗಸಂಖ್ಯೆಯನ್ನು ಆಧರಿಸಿ ಶೈಲಿಯ ವಿಚಾರ ಮಾಡುವ ಸಂಶೋಧಕನು ಇದರಿಂದ ದಾರಿತಪ್ಪುವುದು ನಿಶ್ಚಯ.

ಎರಡನೆಯದು ಅಕ್ಷರದ ರೂಪ. 1991ರ ಮೊದಲ ಆವೃತ್ತಿಯಿಂದಲೂ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಅದರ ಪ್ರಕಾರ ‘ಕೋ’ ಎಂಬುದನ್ನು ಎರಡು ರೀತಿ ಬರೆಯಬಹುದು: ಕಕಾರಕ್ಕೆ ಓಕಾರದ ಒಂದೇ ಚಿಹ್ನೆಯನ್ನು ಸೇರಿಸಿ; ಅಥವಾ ಕಕಾರದ ಮುಂದೆ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರನ್ನು ಬಿಡಿಸಿ ಇಟ್ಟು. ಎರಡೂ ಸಮಾನವೆಂದು ಯುನಿಕೋಡ್ ವಿಧಿಸುತ್ತದೆ. ಆದರೆ ಯುಟಿಎಫ್-8 ಕ್ರಮದಲ್ಲಿ ಮೊದಲನೆಯದು 6 ಬೈಟುಗಳು, ಎರಡನೆಯದು 12. ಮ್ಯಾಕ್ ಗಣಕಗಳ ಹಳೆಯ ಕಡತವ್ಯವಸ್ಥೆಯು ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ‘ಕೋಶ’ ಎಂಬ ಹೆಸರಿನ ಕಡತವು ಒಂದರಿಂದ ಇನ್ನೊಂದಕ್ಕೆ ಹೋದಾಗ ಕಣ್ಣೆದುರಿಗಿದ್ದೂ ‘ಇಲ್ಲ’ವಾಗುವುದು ಹೀಗೆ. ವ್ಯಂಜನದ ಎರಡು ಮಗ್ಗುಲಿಗೂ ಬರುವ ಬಂಗಾಳಿಯ ಓಕಾರದ ಚಿಹ್ನೆಗೂ ಇಂತಹದೇ ದ್ವಿವಿಧ ರೂಪವಿದೆ. ಈ ವಿಷಯದಲ್ಲಿ ಬೆಂಗಳೂರಿನ ಕಷ್ಟವೂ ಕೋಲ್ಕತ್ತದ ಕಷ್ಟವೂ ಒಂದೇ.

ಮೂರನೆಯದು ಅಕ್ಷರಗಳ ಸಂಯೋಜನೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ ಎಂಬಲ್ಲಿ ರಕಾರಕ್ಕೆ ಯಕಾರದ ಒತ್ತು ಬರಬೇಕು. ಇವೆರಡನ್ನೂ ಬೇರ್ಪಡಿಸುವುದು ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ. ಅಕ್ಷರಗಳನ್ನು ತೆರೆಯ ಮೇಲೆ ಜೋಡಿಸುವ ಕೆಲಸವನ್ನು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಬೇರೆ ಬೇರೆ ತಂತ್ರಾಂಶಗಳು ಮಾಡುತ್ತವೆ. ಲಿನಕ್ಸ್, ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮೊದಲಾದವು ಬಳಸುವ ಹಾರ್ಫ್‌ಬಜ್ ಎಂಬುದನ್ನು ಭಾರತೀಯ ಲಿಪಿಗಳಿಗೆ ಹೊಂದಿಸುವಾಗ, 2012ರ ಸುಮಾರಿಗೆ, ಅದರ ನಿರ್ಮಾಪಕರು ವಿಕಿಪೀಡಿಯಾದಿಂದ ಆಯ್ದ ಲಕ್ಷಾಂತರ ಪದರೂಪಗಳನ್ನು ತಮ್ಮ ತಂತ್ರಾಂಶಕ್ಕೂ ವಿಂಡೋಸಿನ ಯುನಿಸ್ಕ್ರೈಬಿಗೂ ಕೊಟ್ಟು, ಎರಡರ ಫಲ ಬೇರೆಯಾದ ಪದಗಳ ಲೆಕ್ಕವನ್ನು ಲಿಪಿವಾರಾಗಿ ಬರೆದಿಟ್ಟರು. ಕನ್ನಡವೂ ಬಂಗಾಳಿಯೂ ಅದರಲ್ಲಿದ್ದವು. ಸೆಣಬಿನ ಹೊಲದ ಎರಡು ತಂಡಗಳ ಹೋಲಿಕೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಕ್ಕದು. ಈಗ ಆ ತಂತ್ರಾಂಶವನ್ನು ಪ್ರತಿ ತಿದ್ದುಪಡಿಯಲ್ಲಿಯೂ ಮೂರು ವ್ಯವಸ್ಥೆಗಳಲ್ಲಿ ನಿರ್ಮಿಸಿ ಪರೀಕ್ಷಿಸಲಾಗುತ್ತದೆ; ಕನ್ನಡದ ಪದಗಳು ಅದರ ಪರೀಕ್ಷಾಸಾಮಗ್ರಿಯಲ್ಲಿ ಸೇರಿವೆ.

5. ಒಮ್ಮತದ ಅಪಾಯ

ಇಷ್ಟರಿಂದ ಹಲವು ಯಂತ್ರಗಳು ಒಪ್ಪಿದರೆ ಫಲ ಸರಿಯೆಂಬ ಭಾವನೆ ಬರಬಹುದು. ಅದು ನಿಜವಲ್ಲ. ಗ್ರಂಥಸಂಪಾದಕರು ಬಲ್ಲಂತೆ ಹತ್ತು ಪ್ರತಿಗಳಲ್ಲಿ ಒಂದೇ ಅಪಪಾಠವಿದ್ದರೆ ಅದು ಶುದ್ಧಪಾಠವಾಗುವುದಿಲ್ಲ. ಆ ಹತ್ತೂ ಒಂದೇ ತಪ್ಪು ಮಾತೃಕೆಯಿಂದ ಹುಟ್ಟಿದವೆಂದು ತಿಳಿಯುತ್ತದೆ. ಕನ್ನಡದ ಅಕಾರಾದಿಯು ಇದಕ್ಕೆ ಸ್ಪಷ್ಟವಾದ ಉದಾಹರಣೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಬಳಿಕ ಬರುತ್ತದೆ. ಯುನಿಕೋಡಿನ ಸಂಕೇತಪಟ್ಟಿಯಲ್ಲಿ ಅದರ ಸ್ಥಾನ ಲಕಾರಕ್ಕೂ ವಕಾರಕ್ಕೂ ನಡುವೆ. ಸಂಕೇತಸಂಖ್ಯೆಯನ್ನೇ ನಂಬಿ ಪದಗಳನ್ನು ಜೋಡಿಸಿದರೆ ‘ಕಳೆ, ಕವಿ, ಕಸ’ ಎಂದು ಬರುತ್ತದೆ. ಬರಬೇಕಾದದ್ದು ‘ಕವಿ, ಕಸ, ಕಳೆ’. ಹೀಗೆ ಜೋಡಿಸುವ ಕ್ರಮವಿಧಿಯು ಮೂರು ವ್ಯವಸ್ಥೆಗಳಲ್ಲಿಯೂ ಒಂದೇ ಫಲವನ್ನು ಕೊಡುತ್ತದೆ. ಕೋಷ್ಟಕದ ಎಲ್ಲ ಮನೆಗಳಲ್ಲಿಯೂ ಹಸಿರು ಗುರುತು ಮೂಡುತ್ತದೆ. ಮೂರೂ ತಪ್ಪು.

ಹಾಗೆಯೇ ನಿರೀಕ್ಷಿತ ಫಲವನ್ನು ಅದೇ ಕ್ರಮವಿಧಿಯಿಂದ ಬರೆಸಿಟ್ಟುಕೊಂಡು ಮುಂದೆ ಅದರೊಡನೆಯೇ ಹೋಲಿಸುವ ಅಭ್ಯಾಸವೂ ಇದೆ. ಅದು ನಿನ್ನೆಯಂತೆ ಇಂದು ನಡೆಯುತ್ತಿದೆಯೆಂಬುದನ್ನು ತಿಳಿಸೀತೇ ಹೊರತು ಸರಿಯಾಗಿ ನಡೆಯುತ್ತಿದೆಯೆಂಬುದನ್ನಲ್ಲ. ಭೇದವನ್ನು ಯಂತ್ರ ತೋರಿಸಬಲ್ಲದು, ನಿರ್ಣಯವನ್ನು ಹೇಳಲಾರದು. ಹಾರ್ಫ್‌ಬಜ್ ಮತ್ತು ಯುನಿಸ್ಕ್ರೈಬ್ ಬೇರೆಯಾದ ಕಡೆ ಯಾವುದು ಸರಿಯೆಂಬುದನ್ನು ಲಿಪಿಯನ್ನು ಬಲ್ಲವರೇ ಹೇಳಬೇಕು.

ಇಲ್ಲಿಯೇ ಕನ್ನಡ ವಿಭಾಗಗಳ ಹೊಣೆ ಮೊದಲಾಗುತ್ತದೆ. ಱಕಾರ ೞಕಾರಗಳು ಅಕಾರಾದಿಯಲ್ಲಿ ಎಲ್ಲಿ ಬರಬೇಕು? ಅನುಸ್ವಾರವನ್ನು ವರ್ಗದ ಅನುನಾಸಿಕಕ್ಕೆ ಸಮವೆಂದು ಭಾವಿಸಬೇಕೇ? ಶೋಧದಲ್ಲಿ ಶಿಥಿಲದ್ವಿತ್ವವನ್ನು ಹೇಗೆ ಕಾಣಬೇಕು? ಇವಕ್ಕೆ ಉತ್ತರಗಳನ್ನು ವಿದ್ವಾಂಸರು ಕೈಯಾರೆ ಬರೆದು, ಚಿಕ್ಕ ಚಿಕ್ಕ ನಿದರ್ಶನಗಳ ಪಟ್ಟಿಯಾಗಿ ತಂತ್ರಜ್ಞರಿಗೆ ಒದಗಿಸದಿದ್ದರೆ ಅವರು ಯಾವುದನ್ನು ಪರೀಕ್ಷಿಸಬೇಕು? ಇಂತಹ ಪಟ್ಟಿಗೆ ಕ್ರಮವಿಧಿ ಬರೆಯುವ ಜ್ಞಾನ ಬೇಕಿಲ್ಲ. ವ್ಯಾಕರಣ, ಛಂದಸ್ಸು, ಹಸ್ತಪ್ರತಿಗಳ ಪರಿಚಯ ಸಾಕು. ಇನ್ನೂರು ಪದಗಳ ಒಂದು ಶುದ್ಧ ಪಟ್ಟಿಯು ಎಲ್ಲ ಯಂತ್ರಗಳಲ್ಲಿಯೂ ಪ್ರತಿದಿನ ಓಡುತ್ತ ಅದನ್ನು ಬರೆದವರ ಕಾಲದ ನಂತರವೂ ಕಾವಲು ಕಾಯುತ್ತದೆ.

6. ಬಿಚಿತ್ರಾದ ಪಾಠ

ಈ ಬಗೆಯ ಸಹಯೋಗ ಸಾಧ್ಯವೇ ಎಂಬ ಸಂಶಯಕ್ಕೆ ಮತ್ತೆ ಕೋಲ್ಕತ್ತವೇ ಉತ್ತರ ಕೊಡುತ್ತದೆ. ಜಾದವಪುರ ವಿಶ್ವವಿದ್ಯಾಲಯದಲ್ಲಿ ಸುಕಾಂತ ಚೌಧುರಿ ಅವರ ನೇತೃತ್ವದಲ್ಲಿ ಸಿದ್ಧವಾಗಿ 2013ರಲ್ಲಿ ಲೋಕಾರ್ಪಣಗೊಂಡ ‘ಬಿಚಿತ್ರಾ’ ಎಂಬ ಅಂಕೀಯ ಸಂಪುಟವು ರವೀಂದ್ರನಾಥ ಠಾಕೂರರ ಕೃತಿಗಳ ಪಾಠಾಂತರಗಳನ್ನು ಒಂದೆಡೆ ಸೇರಿಸಿದೆ. 47 ಸಾವಿರಕ್ಕೂ ಹೆಚ್ಚು ಹಸ್ತಪ್ರತಿ ಪುಟಗಳೂ 91 ಸಾವಿರಕ್ಕೂ ಹೆಚ್ಚು ಮುದ್ರಿತ ಪುಟಗಳೂ ಅದರಲ್ಲಿವೆ. ಪಾಠಗಳನ್ನು ಹೋಲಿಸುವುದಕ್ಕಾಗಿಯೇ ಅಲ್ಲಿ ‘ಪ್ರಭೇದ್’ ಎಂಬ ಕ್ರಮವಿಧಿಯನ್ನು ರಚಿಸಲಾಯಿತು. ಅದು ಕೃತಿಯ ದೊಡ್ಡ ವಿಭಾಗ, ಅದರೊಳಗಿನ ಖಂಡ, ಬಿಡಿಪದ ಎಂಬ ಮೂರು ಮಟ್ಟಗಳಲ್ಲಿ ಭೇದವನ್ನು ಗುರುತಿಸುತ್ತದೆ. ಸಾಹಿತ್ಯ ವಿದ್ವಾಂಸರೂ ಗಣಕತಜ್ಞರೂ ಕೂಡಿ ಕುಳಿತದ್ದರಿಂದ ಈ ಕಾರ್ಯ ಸಾಧ್ಯವಾಯಿತು. ಸೆಣಬಿನ ಸಮೀಕ್ಷೆಯಲ್ಲಿ ಕಂಡ ಹೋಲಿಕೆಯ ತತ್ತ್ವವು ಅದೇ ನಗರದಲ್ಲಿ ಕಾವ್ಯದ ಪಾಠಗಳಿಗೂ ಸಲ್ಲುವಂತೆ ಆದದ್ದು ಅರ್ಥಪೂರ್ಣವಾಗಿದೆ.

ನಮ್ಮಲ್ಲಿ ಇದರ ಅಗತ್ಯ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಯುನಿಕೋಡ್ ಬಳಕೆ ರೂಢಿಯಾಗುವ ಮೊದಲು ಕನ್ನಡದ ಫಾಂಟುಗಳು ಅಕ್ಷರದ ತುಣುಕುಗಳನ್ನು ರೋಮನ್ ಲಿಪಿಯ ಸ್ಥಾನಗಳಲ್ಲಿ ಇಟ್ಟು ಕೆಲಸ ನಡೆಸುತ್ತಿದ್ದವು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಹಂಚಿಕೆ. ಆ ಕಾಲದಲ್ಲಿ ಬೆರಳಚ್ಚಾದ ಪ್ರಬಂಧಗಳನ್ನೂ ಶಾಸನಪಾಠಗಳನ್ನೂ ಇಂದಿನ ಗಣಕದಲ್ಲಿ ತೆರೆದರೆ, ಆ ಫಾಂಟು ಇಲ್ಲದ ಕಡೆ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣುತ್ತವೆ. ಬರೆದವರ ಶ್ರಮದಲ್ಲಿ ಕೊರತೆಯಿರಲಿಲ್ಲ. ತಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ಹೇಗೆ ಕಾಣುವುದೆಂದು ಆಗಲೇ ನೋಡುವ ಏರ್ಪಾಡು ಇರಲಿಲ್ಲ. ಓಲೆಯನ್ನು ಗೆದ್ದಲು ತಿಂದರೆ ತೂತು ಕಾಣುತ್ತದೆ. ಇಂತಹ ನಷ್ಟವು ಕಡತವನ್ನು ತೆರೆಯುವ ದಿನದವರೆಗೆ ಕಾಣುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಸಾಮಾನ್ಯ ಹಂತಗಳನ್ನು ಒಮ್ಮೆ ನಡೆಸುವುದು, ವಿಶೇಷ ಹಂತಗಳನ್ನು ಆಯಾ ವ್ಯವಸ್ಥೆಯಲ್ಲಿ ನಡೆಸುವುದು, ಒಂದು ಸೋತರೂ ಉಳಿದವನ್ನು ಮುಗಿಸಿ ಹೋಲಿಸುವುದು, ಹೋಲಿಕೆಯ ದಾಖಲೆಯನ್ನು ಉಳಿಸುವುದು ಇವು ತಂತ್ರಜ್ಞರ ಕೆಲಸ. ಸರಿಯಾದ ಪಾಠ ಯಾವುದೆಂದು ಮೊದಲೇ ಬರೆದುಕೊಡುವುದು ನಮ್ಮದು. ಮುಂದಿನ ಪದಸೂಚಿಯನ್ನೋ ನಿಘಂಟನ್ನೋ ಕೈಗೆತ್ತಿಕೊಳ್ಳುವ ವಿಭಾಗವು ಕ್ರಮವಿಧಿಯ ಮೊದಲ ಸಾಲು ಬರೆಯುವುದಕ್ಕೆ ಮುಂಚೆ ಆ ಇನ್ನೂರು ಪದಗಳ ಪಟ್ಟಿಯನ್ನು ಸಿದ್ಧಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.